ಫೋರ್ ವೀಲ್ ರಾಯರು

ಅಮೆರಿಕದಲ್ಲಿ ಕನ್ನಡ ಕೂಟ ಇರುವ ಊರುಗಳಲ್ಲೆಲ್ಲ ಕೆಲವು ಹುದ್ದೆಗಳು ಚುನಾವಣೆಯಿಲ್ಲದೆ ಭರ್ತಿಯಾಗುತ್ತವೆ. ಮೈಕ್ ಸಿಕ್ಕರೆ ಬಿಡದ ಒಬ್ಬರು, ವೀಸಾ ವಿಷಯದಲ್ಲಿ ವಕೀಲರನ್ನೇ ತಿದ್ದುವ ಒಬ್ಬರು, ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ನೆಲಮಾಳಿಗೆಗೆ ಇಳಿದು ಫರ್ನೇಸ್ ಪರೀಕ್ಷಿಸುವ ಒಬ್ಬರು. ಡೆಟ್ರಾಯಿಟ್ ಸುತ್ತಿನ ನೋವೈ, ಟ್ರಾಯ್, ಕ್ಯಾಂಟನ್ ಕಡೆ ಇನ್ನೂ ಒಂದು ಹುದ್ದೆಯಿದೆ. ಅದು ಪಿಕಪ್ ಟ್ರಕ್ ಇಟ್ಟುಕೊಂಡವರದು.

ನಮ್ಮಲ್ಲಿ ಆ ಪೀಠವನ್ನು ಅಲಂಕರಿಸಿರುವವರು ಫೋರ್ ವೀಲ್ ರಾಯರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ; ಅದೀಗ ಪಾಸ್‌ಪೋರ್ಟಿನಲ್ಲಿ ಮಾತ್ರ ಬಳಕೆಯಲ್ಲಿದೆ. ಅವರ ಟ್ರಕ್ಕು ಕಪ್ಪು ಬಣ್ಣದ್ದು, ನಾಲ್ಕು ಬಾಗಿಲಿನದು, ಹತ್ತಲು ಮೆಟ್ಟಿಲಿರುವಂಥದು. ಗ್ಯಾರೇಜಿನೊಳಗೆ ಹೋಗುತ್ತದೆ, ಆದರೆ ಆಮೇಲೆ ಗ್ಯಾರೇಜಿನ ಬಾಗಿಲು ಮುಚ್ಚುವುದಿಲ್ಲ. ಆದ್ದರಿಂದ ಟ್ರಕ್ಕು ಹೊರಗೆ, ರಾಯರ ಹೆಂಡತಿ, ನಮ್ಮೆಲ್ಲರ ಅತ್ತಿಗೆಯ ಸಣ್ಣ ಕಾರು ಒಳಗೆ. ಚಳಿಗಾಲದ ಬೆಳಿಗ್ಗೆ ಕುಂಚಿಗೆ ಟೋಪಿ ಬಿಗಿದುಕೊಂಡು ಗಾಜಿನ ಮೇಲಿನ ಐಸು ಕೆರೆಯುತ್ತ ನಿಂತ ರಾಯರ ಮುಂದೆ ಆ ಸಣ್ಣ ಕಾರು ಬೆಚ್ಚಗೆ ಹೊರಬಂದು ಹೋಗಿಬಿಡುತ್ತದೆ.

ವಾಹನ ವಿಷಯದಲ್ಲಿ ರಾಯರ ಅಧಿಕಾರಕ್ಕೆ ಎರಡು ಮೂಲಗಳು. ಮೊದಲನೆಯದು ಉದ್ಯೋಗ. ಅವರು ಕಾರು ಕಂಪನಿಯೊಂದರಲ್ಲಿ ಎಂಜಿನಿಯರು. ಬಾಗಿಲು ಹಾಕಿದ ಮೇಲೆ ಒಳಗಿನ ದೀಪ ಎಷ್ಟು ಸೆಕೆಂಡಿನಲ್ಲಿ, ಎಷ್ಟು ನಯವಾಗಿ ಮಂಕಾಗುತ್ತ ಆರಬೇಕು ಎನ್ನುವುದು ಅವರ ವಿಭಾಗ. ಆದರೂ ಯಾರಾದರೂ ಗೇರಿನ ಬಗ್ಗೆ ಎದುರುತ್ತರ ಕೊಟ್ಟರೆ, "ನಾನು ಇಂಡಸ್ಟ್ರಿಯಲ್ಲಿ ಇರೋನು ಮಾರಾಯ" ಎಂದು ವಾದ ಮುಗಿಸುತ್ತಾರೆ. ದೀಪ ಆರಿದಂತೆಯೇ ಎದುರಿನವರೂ ನಯವಾಗಿ ಮಂಕಾಗುತ್ತಾರೆ.

ಎರಡನೆಯದು ವಂಶಪಾರಂಪರ್ಯ. ರಾಯರು ಕೊಪ್ಪದ ಕಡೆಯವರು. ತೋಟದ ಮನೆಗೆ ಹೋಗುವ ದಾರಿ ಮಳೆಗಾಲದಲ್ಲಿ ದಾರಿಯಾಗಿ ಉಳಿಯುತ್ತಿರಲಿಲ್ಲ. ಅಪ್ಪನ ಮಹೀಂದ್ರ ಜೀಪಿನಲ್ಲಿ ಗೇರಿನ ಪಕ್ಕಕ್ಕೆ ಎರಡು ಸಣ್ಣ ಲಿವರುಗಳು: ಒಂದು ಮುಂದಿನ ಚಕ್ರಗಳಿಗೆ, ಇನ್ನೊಂದು ಲೋ ಗೇರಿಗೆ. ಅಡಿಕೆ ಮೂಟೆ, ಅದರ ಮೇಲೆ ಆಳುಗಳು, ಆಳುಗಳ ಮೇಲೆ ಬಾಳೆಗೊನೆ ಹೇರಿಕೊಂಡು ಆ ಜೀಪು ಗುಡ್ಡ ಹತ್ತಿದ ಕಥೆ ನಮಗೆಲ್ಲ ಬಾಯಿಪಾಠ. ಆ ಜೀಪಿನ ಮೂಲಸ್ಥಾನವೂ ಇಲ್ಲೇ ಹತ್ತಿರ. ಎರಡನೆಯ ಮಹಾಯುದ್ಧಕ್ಕೆ ವಿಲ್ಲಿಸ್ ಜೀಪುಗಳು ತಯಾರಾದ ಟೊಲೀಡೊ ಡೆಟ್ರಾಯಿಟ್‌ನಿಂದ ದಕ್ಷಿಣಕ್ಕೆ ಒಂದು ಗಂಟೆಯ ಹಾದಿ. 1947ರಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ಜೋಡಿಸತೊಡಗಿದ್ದು ಇದೇ ಜೀಪನ್ನು. ಊರಿನಿಂದ ಬಂದ ನೆಂಟರನ್ನು ಉಳಿದವರು ನಯಾಗರಕ್ಕೆ ಕರೆದೊಯ್ದರೆ ರಾಯರು ಮೊದಲು ಟೊಲೀಡೊಗೆ ಕರೆದೊಯ್ಯುತ್ತಾರೆ. ಅಲ್ಲಿ ನೋಡಲು ಏನಿದೆ ಎಂದು ನೆಂಟರು ಕೇಳುವುದು ಮರಳಿ ಬರುವಾಗ.

ಈ ಪರಂಪರೆಯಿಂದ ರಾಯರಿಗೆ ದಕ್ಕಿದ ಸಿದ್ಧಾಂತ ಒಂದೇ: "ಕಾಲು ಎತ್ತಿದರೆ ಕೆಟ್ಟೆ." ಮಲೆನಾಡಿನ ಕೆಸರಿನಲ್ಲಿ ಇದು ಒಂದು ಮಟ್ಟಿಗೆ ನಿಜ. ವೇಗ ಕಳೆದುಕೊಂಡ ಜೀಪು ಅಲ್ಲೇ ಕೂರುತ್ತದೆ. ಆಕ್ಸಿಲರೇಟರ್ ಬಿಡದೆ ಒತ್ತಿದರೆ ಟೈರಿನ ಹಲ್ಲು ಮಣ್ಣು ಉಗಿಯುತ್ತ ಅಡಿಯ ಗಟ್ಟಿ ನೆಲ ಹುಡುಕಿಕೊಳ್ಳುತ್ತದೆ. ಮಿಶಿಗನ್ನಿನ ಹಿಮದ ಅಡಿಯಲ್ಲಿ ಸಿಗುವುದು ಜಾರುವ ಐಸು. ಚಕ್ರ ಒಂದೇ ಕಡೆ ಗಿರಗಿರ ತಿರುಗಿದಷ್ಟೂ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಪಾಲಿಶ್ ಹಿಡಿಯುತ್ತದೆ. ಇಲ್ಲಿ ಕಾಲು ಹಗುರವಾಗಿರಬೇಕು. ರಾಯರ ಕಾಲು ಕೊಪ್ಪದ್ದು.

ವರ್ಷದ ಏಳೆಂಟು ತಿಂಗಳು ಟ್ರಕ್ಕಿನ ಹಿಂದಿನ ತೊಟ್ಟಿ ಗಣೇಶನ ಮಂಟಪ, ಮಡಿಚುವ ಕುರ್ಚಿ, ಬಿಸಿಬೇಳೆ ಬಾತಿನ ಹಂಡೆ ಹೊತ್ತು ಸಮಾಜಸೇವೆ ಮಾಡುತ್ತದೆ. ರಾಯರು ನಗುನಗುತ್ತಲೇ ಮಾಡುತ್ತಾರೆ; ಮನಸ್ಸು ಮಾತ್ರ ನವೆಂಬರಿನ ಮೇಲಿರುತ್ತದೆ. ಹವಾಮಾನ ಇಲಾಖೆಯ ವಿಂಟರ್ ಸ್ಟಾರ್ಮ್ ವಾರ್ನಿಂಗ್ ಫೋನಿಗೆ ಬಂದು ಬಡಿದ ಕ್ಷಣ ನಾವೆಲ್ಲ ಹಾಲು ಬ್ರೆಡ್ಡಿಗೆ ಓಡಿದರೆ, ರಾಯರ ಮುಖದ ಮೇಲೆ ಹೆಣ್ಣು ನೋಡಲು ಹೊರಟ ಕಳೆ. "ಆರರಿಂದ ಹತ್ತು ಇಂಚು! ಯಾರಿಗೆ ತೊಂದರೆಯಾದರೂ ನನಗೆ ಫೋನ್ ಮಾಡಿ" ಎಂದು ವಾಟ್ಸಾಪ್ ಗುಂಪಿನಲ್ಲಿ ಅಭಯ. ಮುನ್ಸೂಚನೆ ಎರಡು ಇಂಚಿಗೆ ಇಳಿದರೆ ಊಟ ಸೇರುವುದಿಲ್ಲ.

ಸಿದ್ಧತೆಯ ಮೊದಲ ಅಂಗ ಭಾರ ಹೇರುವುದು. ಪಿಕಪ್ಪಿನ ಎಂಜಿನು, ಕೂರುವ ಜಾಗ ಎಲ್ಲ ಮುಂದಕ್ಕೆ. ಹಿಂದಿನ ತೊಟ್ಟಿ ಖಾಲಿ. ಎರಡೇ ಚಕ್ರದ ಓಟದಲ್ಲಿ ತಳ್ಳುವ ಕೆಲಸ ಹಿಂದಿನ ಚಕ್ರಗಳದು, ಅವುಗಳ ಮೇಲೇ ತೂಕವಿಲ್ಲ. ಅದಕ್ಕೇ ಇಲ್ಲಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಚಳಿಗಾಲಕ್ಕೆ 60 ಪೌಂಡಿನ, ಎಂದರೆ ಸುಮಾರು 27 ಕಿಲೋ ತೂಕದ ಉದ್ದನೆಯ ಮರಳು ಚೀಲಗಳು ಬರುತ್ತವೆ. ಅವನ್ನು ಹಿಂದಿನ ಆಕ್ಸಲಿನ ನೇರ ಮೇಲಕ್ಕೆ, ಇಲ್ಲವೇ ತುಸು ಮುಂದಕ್ಕೆ ಇಟ್ಟು, ಬ್ರೇಕ್ ಹಾಕಿದಾಗ ಮುನ್ನುಗ್ಗದಂತೆ ಕಟ್ಟಬೇಕು. ರಾಯರು ಒಂದು ವರ್ಷ ದುಡ್ಡು ಕೊಟ್ಟು ಮರಳು ಕೊಳ್ಳುವುದು ಅನ್ಯಾಯವೆಂದು, ಅಗ್ಗಕ್ಕೆ ಸಿಕ್ಕ ಸೋನಾ ಮಸೂರಿ ಚೀಲಗಳನ್ನು ಪ್ಲಾಸ್ಟಿಕ್ ಸುತ್ತಿ ಹೇರಿದರು. ಅದೂ ತೊಟ್ಟಿಯ ತುದಿ ಬಾಗಿಲಿಗೆ ಒತ್ತಿ. ತೂಕ ಆಕ್ಸಲ್ ದಾಟಿ ಹಿಂದಕ್ಕೆ ಹೋದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಅತ್ತಿಗೆ ಅದನ್ನು ಹೇಳಲೂ ಇಲ್ಲ, ಜಗಳವಾಡಲೂ ಇಲ್ಲ. ವಾರಕ್ಕೊಂದು ಚೀಲ ಅಡುಗೆಮನೆಗೆ ಇಳಿಸಿಕೊಂಡರು. ಫೆಬ್ರವರಿ ಹೊತ್ತಿಗೆ ಟ್ರಕ್ಕಿನ ಭಾರ ಮನೆಮಂದಿಗೆ ವರ್ಗಾವಣೆಯಾಗಿತ್ತು.

ಎರಡನೆಯ ಅಂಗ ಡ್ಯಾಶ್‌ಬೋರ್ಡಿನ ಗುಂಡನೆಯ ಗುಬುಟು. ಅದರ ಮೇಲೆ 2ಎಚ್, 4ಎಚ್, 4ಎಲ್ ಎಂದು ಮೂರು ಮನೆಗಳು. ಮೊದಲನೆಯದು ಎರಡೇ ಚಕ್ರದ ಓಟ, ಒಣ ರಸ್ತೆಗೆ. ಎರಡನೆಯದು ನಾಲ್ಕು ಚಕ್ರದ್ದು, ಹಿಮ ಮುಚ್ಚಿದ ರಸ್ತೆಗೆ. ಮೂರನೆಯದು ನಾಲ್ಕು ಚಕ್ರದ ಲೋ ಗೇರು, ಕಡಿದಾದ ಏರಿಗೆ, ಆಳವಾದ ಹಿಮಕ್ಕೆ, ಹೂತ ಬಂಡಿಯನ್ನು ಆಮೆಯ ವೇಗದಲ್ಲಿ ಎಬ್ಬಿಸುವುದಕ್ಕೆ. ಅದನ್ನು ಹಾಕಲು ಬಂಡಿ ನಿಲ್ಲಬೇಕು ಅಥವಾ ತೆವಳುತ್ತಿರಬೇಕು, ಗೇರು ನ್ಯೂಟ್ರಲ್ಲಿನಲ್ಲಿರಬೇಕು. ರಾಯರು ಮೊದಲ ಹಿಮದ ಹೂವು ಗಾಜಿಗೆ ತಾಗಿದೊಡನೆ 4ಎಚ್ ಹಾಕಿದರೆ ಯುಗಾದಿಯ ಬೇವುಬೆಲ್ಲ ತಿಂದ ಮೇಲೆಯೇ ತೆಗೆಯುವುದು. ನಡುವೆ ಉಪ್ಪು ಚೆಲ್ಲಿ, ಹಿಮ ಕರಗಿ, ರಸ್ತೆ ಒಣಗಿ ಬಿಸಿಲು ಬಿದ್ದಿರುತ್ತದೆ. ಇಂಡಿಯನ್ ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ತಿರುಗಿಸುವಾಗ ಟ್ರಕ್ಕು ಟಕ್ ಟಕ್ ಎಂದು ಕುಪ್ಪಳಿಸುತ್ತದೆ. "ಪವರ್ ಜಾಸ್ತಿ" ಎನ್ನುತ್ತಾರೆ ರಾಯರು.

ಪವರ್ ಅಲ್ಲ, ಅದು ಆಕ್ಸಲಿನ ಗೋಳು. ಇಂಥ ಟ್ರಕ್ಕಿನಲ್ಲಿ 4ಎಚ್ ಹಾಕಿದಾಗ ಟ್ರಾನ್ಸ್‌ಫರ್ ಕೇಸು ಮುಂದಿನ ಆಕ್ಸಲಿಗೂ ಹಿಂದಿನದಕ್ಕೂ ಹೋಗುವ ದಂಡಗಳನ್ನು ಒಂದೇ ವೇಗಕ್ಕೆ ಬಿಗಿದುಬಿಡುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಕ್ರಮಿಸುವ ದಾರಿ ಹೆಚ್ಚು, ಹಿಂದಿನವುಗಳದು ಕಡಿಮೆ. ಹಿಮದ ಮೇಲಾದರೆ ಟೈರು ತುಸು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಡಾಂಬರು ಜಾರಲು ಬಿಡುವುದಿಲ್ಲ; ಒತ್ತಡವೆಲ್ಲ ಗೇರಿನ ಹಲ್ಲು, ದಂಡ, ಕೀಲುಗಳ ಮೇಲೆ. ಅತ್ತಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರು: "ಸಪ್ತಪದೀಲಿ ಸೆರಗಿಗೂ ಶಲ್ಯಕ್ಕೂ ಗಂಟು ಹಾಕಿರ್ತಾರಲ್ಲ, ಹಂಗೆ ಕಣ್ರಿ. ಮುಂದಿನೋರು ದಾಪುಗಾಲು ಹಾಕಿದ್ರೆ ಹಿಂದಿನೋರ ಸೆರಗು ಹರಿಯತ್ತೆ." ರಾಯರು ಆಗ ಕೆಮ್ಮಿ, ಆಟೋ ಎನ್ನುವ ಇನ್ನೊಂದು ಮನೆ ಇರುವ ದುಬಾರಿ ಮಾಡೆಲ್ಲುಗಳಲ್ಲಿ ಈ ತೊಂದರೆಯಿಲ್ಲವೆಂದೂ ಮುಂದಿನ ಟ್ರಕ್ಕು ಅಂಥದೇ ಎಂದೂ ಘೋಷಿಸಿದರು. ಅತ್ತಿಗೆಯ ಬುದ್ಧಿ ಹೇಳುವ ಉತ್ಸಾಹ ಅಲ್ಲಿಗೆ ಇಳಿಯಿತು.

ಅತ್ತಿಗೆಯ ವಿಷಯ ಹೇಳದೆ ರಾಯರ ಚಿತ್ರ ಪೂರ್ಣವಾಗದು. ಅವರು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಹಿಮ ಬಿತ್ತೆಂದು ಆಸ್ಪತ್ರೆ ಮುಚ್ಚುವುದಿಲ್ಲ. ಅವರದು ಮುಂದಿನ ಚಕ್ರ ಎಳೆಯುವ ಹಳೆಯ ಸಣ್ಣ ಕಾರು. ನವೆಂಬರ್ ಬಂತೆಂದರೆ ನಾಲ್ಕೂ ಟೈರು ತೆಗೆಸಿ ಸ್ನೋ ಟೈರು ಹಾಕಿಸುತ್ತಾರೆ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರುವಂಥದು. ಸಾಮಾನ್ಯ ಟೈರಿನ ರಬ್ಬರು 7 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಬಿಗಿಯತೊಡಗಿ ಹಿಡಿತ ಕಳೆದುಕೊಳ್ಳುತ್ತದೆ. ಈ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗಿರುತ್ತದೆ. ಬಿರುಗಾಳಿಯ ದಿನ ಬೆಳಿಗ್ಗೆ ಐದೂವರೆಗೆ ಹೊರಟು, ಕ್ರೂಸ್ ಕಂಟ್ರೋಲ್ ಮುಟ್ಟದೆ, ಮುಂದಿನ ವಾಹನದಿಂದ ಎಂದಿನ ಎರಡರಷ್ಟು ಅಂತರ ಬಿಟ್ಟು, ಸೇತುವೆ ಬಂದಾಗ ಇನ್ನೂ ನಿಧಾನಿಸಿ ಹೋಗುತ್ತಾರೆ. ಸೇತುವೆಗೆ ಮೇಲಿಂದಲೂ ಕೆಳಗಿಂದಲೂ ತಣ್ಣನೆ ಗಾಳಿ. ಅಲ್ಲಿ ಐಸು ಮೊದಲು ಕಟ್ಟುತ್ತದೆ. ಉಪ್ಪಿನ ಮೇಲೂ ಅವರಿಗೆ ಪೂರ್ತಿ ಭರವಸೆಯಿಲ್ಲ. ಡೆಟ್ರಾಯಿಟ್ ಊರಿನ ಅಡಿಯಲ್ಲೇ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿಯಿದ್ದರೂ, ಚಳಿ ಮೈನಸ್ ಹತ್ತಕ್ಕಿಂತ ಕೆಳಗಿಳಿದರೆ ಬರಿಯ ಉಪ್ಪು ಐಸು ಕರಗಿಸಲು ತಿಣುಕುತ್ತದೆ ಎಂದು ಅವರಿಗೆ ಗೊತ್ತು.

ಆ ಹೊತ್ತಿಗೆ ನಾಲ್ಕು ಚಕ್ರದ ಒಡೆಯರು ಏನು ಮಾಡುತ್ತಿರುತ್ತಾರೆ? ಅವರ ಕಂಪನಿ ಹಿಮದ ದಿನ ಮನೆಯಿಂದಲೇ ಕೆಲಸ ಮಾಡಿ ಎನ್ನುತ್ತದೆ. ರಾಯರು ಕಂಬಳಿ ಹೊದ್ದು, ಕಾಫಿ ಹಿಡಿದು, ಕಿಟಕಿಯಿಂದ ಟ್ರಕ್ಕನ್ನು ನೋಡುತ್ತಿರುತ್ತಾರೆ.

ಕಳೆದ ಜನವರಿಯಲ್ಲಿ ಕರೆ ಬಂದೇ ಬಂತು. ಹೊಸದಾಗಿ ಊರಿಗೆ ಬಂದ ಹುಡುಗನೊಬ್ಬನ ಕಾರು ಪಕ್ಕದ ಬಡಾವಣೆಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ರಾಯರು ಮೀಟಿಂಗನ್ನು ಮ್ಯೂಟ್ ಮಾಡಿ ಎದ್ದರು. 4ಎಚ್ ಹಾಕಿ ಹೊರಟ ಟ್ರಕ್ಕು ಹಿಮ ಸೀಳಿಕೊಂಡು ನಿಜಕ್ಕೂ ರಾಜಠೀವಿಯಲ್ಲಿ ಹೋಯಿತು. ನಾಲ್ಕು ಚಕ್ರವೂ ಎಳೆಯುವಾಗ ರಸ್ತೆ ಜಾರುತ್ತಿದೆಯೆಂದು ಸೀಟಿಗೆ ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ನಿಲ್ಲಿಸುವಾಗ. ಕಾರು, ಟ್ರಕ್ಕುಗಳಿಗೆಲ್ಲ ಬ್ರೇಕು ನಾಲ್ಕು ಚಕ್ರಕ್ಕೂ ಇದ್ದೇ ಇದೆ. ಈ ವಿಷಯದಲ್ಲಿ ರಾಯರ ಗುಬುಟು ಅತ್ತಿಗೆಯ ಕಾರಿಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ಕೊಡುವುದಿಲ್ಲ. ಮೇಲಾಗಿ ಟ್ರಕ್ಕಿನ ತೂಕ ಎರಡು ಟನ್ನಿಗೂ ಮೀರಿದ್ದು, ಟೈರು ಬೇಸಿಗೆಯದೇ. ಸ್ಟಾಪ್ ಫಲಕದ ಹತ್ತಿರ ರಾಯರು ಬ್ರೇಕ್ ಒತ್ತಿದರು. ಎಬಿಎಸ್ ಪೆಡಲ್ಲು ಕಾಲಡಿ ಗಡಗಡ ನಡುಗಿತು; ಒತ್ತಿ ಹಿಡಿದು ಹೋಗಬೇಕಾದ ಕಡೆ ಕಣ್ಣಿಟ್ಟು ಸ್ಟೇರಿಂಗ್ ತಿರುಗಿಸಬೇಕಾದವರು ಗಾಬರಿಯಾಗಿ ಕೊಪ್ಪದ ಜೀಪಿನಂತೆ ಪಂಪು ಹೊಡೆದರು. ಟ್ರಕ್ಕು ಫಲಕಕ್ಕೆ ಗೌರವ ಸೂಚಿಸುತ್ತ ದಾಟಿ, ಯಾರದೋ ಅಂಚೆ ಡಬ್ಬಿಯ ಪಕ್ಕದ ಹಿಮದ ಗುಡ್ಡೆಯೊಳಗೆ ಮೂಗು ತೂರಿಸಿತು.

ಆಮೇಲೆ 4ಎಲ್. ಆಮೇಲೆ ಕುಲದ ಮಂತ್ರ. ಕಾಲು ಎತ್ತದೆ ಒತ್ತಿದರು. ಎರಡು ಚಕ್ರದ ಬಂಡಿ ಎರಡು ಗುಂಡಿ ತೋಡುವ ಹೊತ್ತಿನಲ್ಲಿ ರಾಯರದು ನಾಲ್ಕು ತೋಡಿತು.

ರಾತ್ರಿಪಾಳಿಯವರ ಬದಲಿಗೆ ದುಡಿದು ಬೇಗ ಬಿಟ್ಟಿದ್ದ ಅತ್ತಿಗೆ ಅದೇ ದಾರಿಯಲ್ಲಿ ಬಂದರು. ಕಾರು ನಿಲ್ಲಿಸಿ, ಡಿಕ್ಕಿಯಿಂದ ಸಲಿಕೆ, ಬೆಕ್ಕಿನ ಮಲಕ್ಕೆ ಹಾಕುವ ಹರಳಿನ ಚೀಲ ತೆಗೆದರು. ಮೊದಲು ಹೊಗೆ ಕೊಳವೆಯ ಬಾಯಿಯ ಹಿಮ ಬಿಡಿಸಿದರು. ಅದು ಮುಚ್ಚಿಕೊಂಡರೆ ವಿಷದ ಹೊಗೆ ಒಳಗೆ ನುಗ್ಗುತ್ತದೆ. ಚಕ್ರಗಳ ಮುಂದೆ ಹಿಂದೆ ಕೆರೆದು ಹರಳು ಉದುರಿಸಿದರು. "ಇಳೀರಿ" ಎಂದರು. 4ಎಲ್ಲಿನಲ್ಲೇ ರಿವರ್ಸ್ ಹಾಕಿ, ಆಕ್ಸಿಲರೇಟರಿಗೆ ಕಾಲು ತಾಗಿಸಿಯೂ ತಾಗಿಸದ ಹಾಗೆ ಇಟ್ಟರು. ಟ್ರಕ್ಕು ನಿಟ್ಟುಸಿರಿಟ್ಟು ಹಿಂದಕ್ಕೆ ತೆವಳಿ ರಸ್ತೆಗೆ ಬಂತು. "ನೋಡಿದೆಯಾ, ಲೋ ಗೇರಿನ ತಾಕತ್ತು!" ಎಂದರು ರಾಯರು, ಮೊಣಕಾಲುದ್ದ ಹಿಮದಲ್ಲಿ ನಿಂತು. ಅಷ್ಟರಲ್ಲಿ ಆ ಹುಡುಗ, ಕಾರಿನ ಕಾಲಡಿಯ ಮ್ಯಾಟು ಚಕ್ರದಡಿ ಹಾಕಿ ತಾನೇ ಹೊರಬಂದು, ಕೈ ಬೀಸಿ ಹೋಗಿಯೂ ಆಗಿತ್ತು.

ಸಂಕ್ರಾಂತಿ ಕೂಟದಲ್ಲಿ ಈ ಪ್ರಕರಣ ರಾಯರ ಬಾಯಲ್ಲಿ ನಾಲ್ಕು ಚಕ್ರದ ಮಹಿಮೆಯಾಗಿ ಪ್ರವಚನಗೊಂಡಿತು. ಎಳ್ಳುಬೆಲ್ಲ ಮೆಲ್ಲುತ್ತಿದ್ದ ಅದೇ ಹುಡುಗ ಎಲ್ಲ ಕೇಳಿಸಿಕೊಂಡು, ಮೆಲ್ಲಗೆ ಅತ್ತಿಗೆಯ ಹತ್ತಿರ ಬಂದ.

"ಅಕ್ಕಾ, ನಾನು ಏನು ತಗೊಳ್ಳಲಿ?"

"ನಾಲ್ಕು ಸ್ನೋ ಟೈರು ತಗೊಳಪ್ಪ. ಕಾಲು ಗಂಟೆ ಮುಂಚೆ ಮನೆ ಬಿಡು. ತೀರಾ ಕೆಟ್ಟಿದ್ರೆ ಮನೇಲಿರು."

ಹುಡುಗ ಬಹಳ ವಿನಯದಿಂದ ತಲೆಯಾಡಿಸಿದ. ಅಮೆರಿಕದಲ್ಲಿ 1977ರಿಂದ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಟ್ರಕ್ಕು ಫೋರ್ಡಿನ ಎಫ್ ಸೀರೀಸ್; ಅದರ ಗಿರಾಕಿಗಳೆಲ್ಲ ಸೌದೆ ಸಾಗಿಸುವವರೇ ಎಂದು ಯಾರೂ ನಂಬಿಲ್ಲ. ಎರಡೇ ವಾರಕ್ಕೆ ವಾಟ್ಸಾಪ್ ಗುಂಪಿನಲ್ಲಿ ಹುಡುಗನ ಫೋಟೊ ಬಂತು: ಕಪ್ಪು ಕನ್ನಡಕ, ಬಾನೆಟ್ಟಿನ ಮೇಲೆ ಮೊಣಕೈ, ಹಿಂದೆ ಹೊಚ್ಚ ಹೊಸ ಕಪ್ಪು ಪಿಕಪ್ಪು. ತಪ್ಪೆನ್ನುವುದು ಹೇಗೆ? ನಾಲ್ಕು ಟೈರಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಊರಿಗೆ ಕಳಿಸಿದ ಗಂಡಸನ್ನು ನೀವು ಯಾರಾದರೂ ಕಂಡಿದ್ದೀರಾ?