ಮಹಾ ಅವಿಭಾಜ್ಯದ ಶುದ್ಧಪ್ರತಿ: ಸಂಪಾದಕರ ಅರಿಕೆ

ಕೃತಿವಿಚಾರ: 2024ರ ಅಕ್ಟೋಬರಿನಲ್ಲಿ ಲೂಕ್ ಡ್ಯುರಾಂಟ್ ಬೆಳಕಿಗೆ ತಂದ ಈ ಮಹಾಕೃತಿ ಒಂದೇ ಒಂದು ಸಂಖ್ಯೆ. 2ರ 13,62,79,841ನೇ ಘಾತದಿಂದ 1 ಕಳೆದರೆ ಸಿಗುವಂಥದ್ದು. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾರಿಗೂ ಭಾಗವಾಗದ ಸ್ವಾಭಿಮಾನಿ. ಸೂತ್ರವೇನೋ ಅರ್ಧ ಸಾಲಿನದು. ಆದರೆ ಅರ್ಧ ಸಾಲಿಗೆ ಅನುದಾನ ಕೊಡುವವರು ಯಾರು? ಆದಕಾರಣ 4,10,24,320 ಅಂಕಿಗಳ ಪೂರ್ಣಪಾಠವನ್ನೇ ಅಚ್ಚಿಗೆ ಕೊಡಲು ನಿಶ್ಚಯಿಸಿದ್ದೇವೆ.

ಪರಂಪರಾವಿಚಾರ: 17ನೇ ಶತಮಾನದ ಫ್ರೆಂಚ್ ಸನ್ಯಾಸಿ ಮಾರಿನ್ ಮೆರ್ಸೆನ್, 2ರ ಘಾತದಿಂದ 1 ಕಳೆದರೆ ಸಿಗುವ ಅವಿಭಾಜ್ಯಗಳ ಈ ವಂಶಕ್ಕೆ ಮೂಲಪುರುಷ. 1644ರ ಅವರ ಪಟ್ಟಿಯಲ್ಲೇ ಅಪಪಾಠ ನುಸುಳಿತ್ತು. 2ರ 67ನೇ ಘಾತದಿಂದ 1 ಕಳೆದದ್ದೂ ಅವಿಭಾಜ್ಯವೆಂದು ಅವರು ಬರೆದಿದ್ದರು. 1903ರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅದನ್ನು 19,37,07,721 ಮತ್ತು 7,61,83,82,57,287 ಎಂದು ಎರಡಾಗಿ ಒಡೆದಿಟ್ಟರು.

ಪ್ರತಿವಿಚಾರ: ಕಂಪ್ಯೂಟರಿನ ಹೊಟ್ಟೆಯಲ್ಲಿರುವ ದ್ವಿಮಾನ ಪ್ರತಿಯೇ ಮೂಲಪ್ರತಿ. ಅದರಲ್ಲಿ 1 ಎಂಬ ಅಂಕಿ 13,62,79,841 ಸಲ ಇದೆ, ಬೇರೇನೂ ಇಲ್ಲ. ಲಿಪಿಕಾರ ಒಂದೇ ಅಕ್ಷರ ಕಲಿತಿದ್ದನೆಂದು ನಮ್ಮ ಊಹೆ. ದಶಮಾನಕ್ಕೆ ತಿರುಗಿಸಿಕೊಡು ಎಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕೇಳಿದರೆ, 4,300 ಅಂಕಿ ಮೀರಿತೆಂದು ಅದು ತಕರಾರು ತೆಗೆಯುತ್ತದೆ. ಆ ಮಿತಿಯನ್ನು ಸಡಿಲಿಸಿ ಕಾದು ಕೂರಬೇಕು. ಆದಿ 8816943275, ಅಂತ್ಯ 486871551. ನಡುವಿನ ಭಾಗವನ್ನು ವಿದ್ವಾಂಸರು ಓದುವ ಗೋಜಿಗೆ ಹೋಗದ ಕಾರಣ ಅಲ್ಲಿ ಭಿನ್ನಾಭಿಪ್ರಾಯಗಳಿಲ್ಲ.

ಮುದ್ರಣವಿಚಾರ: ಪುಟಕ್ಕೆ 50 ಸಾಲು, ಸಾಲಿಗೆ 60 ಅಂಕಿಯಂತೆ 13,675 ಪುಟಗಳಾಗುತ್ತವೆ, ಅಂದರೆ ಐನೂರು ಪುಟದ 28 ಸಂಪುಟ. ಜಪಾನಿನ ಪ್ರಕಾಶಕರೊಬ್ಬರು 2018ರಲ್ಲಿ ಆಗಿನ ದಾಖಲೆಯ 2,32,49,425 ಅಂಕಿಗಳನ್ನು 719 ಪುಟಗಳಲ್ಲೇ ತುರುಕಿದ್ದರು. ಪುಟಕ್ಕೆ 32 ಸಾವಿರ ದಾಟಿದ ಆ ಪುಸ್ತಕವನ್ನು ಜನ ದುಡ್ಡು ಕೊಟ್ಟು ಕೊಂಡರೆಂಬುದು ನಮಗೆ ಧೈರ್ಯ ತಂದಿದೆ. ಕರಡು ತಿದ್ದುವುದೇ ಕಷ್ಟ. ಸೆಕೆಂಡಿಗೊಂದು ಅಂಕಿಯಂತೆ ಹಗಲಿರುಳು ಓದಿದರೂ ಸುಮಾರು 475 ದಿನ ಬೇಕು. ತೂಕಡಿಸುವಂತಿಲ್ಲ: ಕಟ್ಟಕಡೆಯ 1 ಕೈತಪ್ಪಿ 2 ಆಯಿತೋ, ಇಡೀ ಕೃತಿ ಸಮಸಂಖ್ಯೆಯಾಗಿ ವಂಶದಿಂದಲೇ ಹೊರಬೀಳುತ್ತದೆ.

ಸಿದ್ಧಾಂತ: 28 ಸಂಪುಟಗಳಲ್ಲಿ ಇರುವುದೆಲ್ಲ ಆ ಅರ್ಧ ಸಾಲಿನ ಸೂತ್ರದಲ್ಲೇ ಇದೆ. ಮುದ್ರಣದೋಷಗಳು ಮಾತ್ರ ನಮ್ಮ ಸ್ವಂತ ಕೊಡುಗೆ. ಸಹೃದಯರು ಅವನ್ನು ಸಂಪುಟ, ಪುಟ, ಸಾಲು ಸಹಿತ ತಿಳಿಸಿದಲ್ಲಿ ಮುಂದಿನ ಮುದ್ರಣದಲ್ಲಿ ತಿದ್ದಿಕೊಳ್ಳಲಾಗುವುದು.