ಬಂಪರ್ ಭಾಗ್ಯವಂತರಿಗೊಂದು ಬಹಿರಂಗ ಪತ್ರ

ಇವರಿಗೆ,
ವಿಜಯಪುರ ಸೀಮೆಯ ಸಮಸ್ತ ಮಿನಿ ಟ್ರ್ಯಾಕ್ಟರ್ ಮಾಲೀಕರು,
ಟಿಕೋಟಾ ರಸ್ತೆಯ ಎಡಬಲದ ದ್ರಾಕ್ಷಿ ಪಡಗಳು ಮತ್ತು ವೆಲ್ಡಿಂಗ್ ಶಾಪುಗಳು.

ವಿಷಯ: ಟ್ರ್ಯಾಕ್ಟರ್ ಶೃಂಗಾರದಲ್ಲಿ ತಾವು ತೋರಿದ ಅಪ್ರತಿಮ ಸಾಧನೆಗೆ ಅಭಿನಂದನೆ ಸಲ್ಲಿಸುವ ಕುರಿತು.
ಉಲ್ಲೇಖ: ಸಂತೆಯ ಸಂಜೆ ಎದುರಿಗೆ ಬಂದು ನನ್ನ ಕಣ್ಣು ಕುಕ್ಕಿದ ತಮ್ಮ ಎಂಟು ದೀಪಗಳು.

ಮಾನ್ಯ ತಮ್ಮಂದಿರೇ,

ಕಂಪನಿಯವರು ತಮಗೆ 24 ಅಶ್ವಶಕ್ತಿಯ ಒಂದು ಎಂಜಿನ್, ಗೇರ್ ಬಾಕ್ಸ್, ಹೈಡ್ರಾಲಿಕ್ ಮತ್ತು ನಾಲ್ಕು ಗಾಲಿ ಕೊಟ್ಟು ಕೈತೊಳೆದುಕೊಂಡರು. ಉಳಿದದ್ದನ್ನೆಲ್ಲ ಸೃಷ್ಟಿಸುವ ಭಾರ ತಮ್ಮ ಹೆಗಲಿಗೇ ಬಿತ್ತು. ತಾವು ಹಿಂಜರಿಯಲಿಲ್ಲ. ನಂಬರ್ ಪ್ಲೇಟ್ ಬರುವ ಮೊದಲೇ ಬಂಪರ್ ಬಂತು; ಸಾಲದ ಮೊದಲ ಕಂತು ಕಟ್ಟುವ ಮೊದಲೇ ಸೌಂಡ್ ಬಾಕ್ಸ್ ಬಂತು. ಗಾಜಿನ ಮೇಲೆ ದೇವರ ಹೆಸರು, ಮಡ್‌ಗಾರ್ಡಿನ ಮೇಲೆ ಮಗಳ ಹೆಸರು, ಬಾನೆಟ್ಟಿನ ಮೇಲೆ ಹುಲಿಯ ಚಿತ್ರ ರೇಡಿಯಂನಲ್ಲಿ ಮಿಂಚಿದವು. ಇಂಥ ಕರ್ತೃತ್ವಶಕ್ತಿಯನ್ನು ಗುರುತಿಸಿ ಒಂದು ಶಾಲು ಹೊದಿಸುವವರೂ ಇಲ್ಲವಲ್ಲ ಎಂಬ ಸಂಕಟದಿಂದ ಈ ಪತ್ರ ಬರೆಯುತ್ತಿದ್ದೇನೆ.

ಗೊಂಡೆ, ಗೆಜ್ಜೆ ಕಟ್ಟುವುದನ್ನು ಕಂಡು ನಾನು ನಗುವವನಲ್ಲ. ಕಾರಹುಣ್ಣಿಮೆಗೆ ಎತ್ತಿಗೆ ಝೂಲ ಹೊದಿಸಿ, ಕೊಂಬಿಗೆ ಕೊಂಬೆಣಸು ಏರಿಸಿ, ಹಣೆಪಟ್ಟಿ ಕಟ್ಟಿ ಊರೆಲ್ಲ ಮೆರೆಸಿದವರ ಮೊಮ್ಮಕ್ಕಳು ನಾವು. ಕೊಟ್ಟಿಗೆ ಖಾಲಿಯಾಯಿತು, ಗೊಂಡೆ ಸೈಲೆನ್ಸರಿಗೆ ಬಂತು, ತಪ್ಪೇನು? ಆದರೆ ಝೂಲ ಹೊದಿಸುವ ಮುಂಚೆ ಅಜ್ಜ ಎತ್ತಿನ ಕಾಲೆತ್ತಿ ನಾಲು ನೋಡುತ್ತಿದ್ದ, ನೊಗ ಉಜ್ಜಿದ ಹೆಗಲ ಮೇಲೆ ಕೈಯಾಡಿಸಿ ಬಾವು ಇದೆಯೇ ಎಂದು ಒತ್ತಿ ನೋಡುತ್ತಿದ್ದ. ತಾವು ಆ ಭಾಗವನ್ನು ಹಳೆಯ ಕಾಲದ ಮೂಢನಂಬಿಕೆ ಎಂದು ಕೈಬಿಟ್ಟಿರುವುದು ಪ್ರಗತಿಯ ಲಕ್ಷಣವೇ ಇರಬೇಕು.

ಮೊದಲು ಬಂಪರಿನ ವಿಚಾರ. ಕಬ್ಬಿಣದ ದಪ್ಪ ಪೈಪಿನಲ್ಲಿ ಮಾಡಿಸಿದ ಆ ರಾಜದ್ವಾರವನ್ನು ಕಂಡಾಗ, ತಾವು ದ್ರಾಕ್ಷಿಗೆ ಔಷಧ ಹೊಡೆಯಲು ಹೊರಟಿದ್ದೀರೋ ಗೋಳಗುಮ್ಮಟ ಗೆಲ್ಲಲು ಹೊರಟಿದ್ದೀರೋ ತಿಳಿಯದೆ ನಾನು ದಾರಿ ಬಿಟ್ಟು ನಿಂತಿದ್ದುಂಟು. ಆದರೂ ಅದಕ್ಕೊಂದು ನಮಸ್ಕಾರ ಸಲ್ಲಬೇಕು. ಔಷಧ ಹೊಡೆಯಲು ತಾವು ಹಿಂದೆ ತೂಗುಹಾಕುವ ಬ್ಲೋವರಿನ ಟ್ಯಾಂಕಿಗೆ 400 ಲೀಟರ್ ನೀರು ತುಂಬಿದರೆ ನೀರೇ 400 ಕೆಜಿ; ಪಂಪು, ಫ್ಯಾನು, ಚೌಕಟ್ಟಿನ ಭಾರ ಬೇರೆ. ಈ ವರ್ಗದ ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಎತ್ತುವ ಮಿತಿ ಸಾಮಾನ್ಯವಾಗಿ 750 ಕೆಜಿ ಆಸುಪಾಸು. ಹಿಂದೆ ಅಷ್ಟು ತೂಕ ಏರಿದಾಗ ಮುಂದಿನ ಗಾಲಿ ಹಗುರಾಗುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಒಟ್ಟು ತೂಕದ ಐದನೇ ಒಂದು ಪಾಲಾದರೂ ಮುಂದಿನ ಗಾಲಿಗಳ ಮೇಲಿರಬೇಕು ಎಂಬುದು ಈ ಕಸುಬಿನ ಲೆಕ್ಕ. ತಮ್ಮ ಬಂಪರು ತಮಗೆ ಗೊತ್ತಿಲ್ಲದೆಯೇ ಆ ಲೆಕ್ಕವನ್ನು ಅಷ್ಟಿಷ್ಟು ಸರಿದೂಗಿಸುತ್ತಿದೆ! ಇದೇ ಕೆಲಸಕ್ಕೆ ಕಂಪನಿಯವರು ಎರಕದ ತೂಕದ ಪ್ಲೇಟುಗಳನ್ನು ಮಾರುತ್ತಾರೆ, ಕೂರಿಸಲು ಜಾಗವನ್ನೂ ಬಿಟ್ಟಿರುತ್ತಾರೆ. ಅವು ರೇಡಿಯೇಟರಿನ ಗಾಳಿ ತಡೆಯುವುದಿಲ್ಲ, ಅದರ ಜಾಳಿಗೆ ತೊಳೆಯಲು ಅಡ್ಡ ಬರುವುದಿಲ್ಲ. ಅವಕ್ಕಿರುವ ಒಂದೇ ಕೊರತೆ, ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ.

ದೀಪಗಳಿಗೂ ಹಾಡಿಗೂ ಬರೋಣ. ಇಂಥ ಗಾಡಿಯ ಆಲ್ಟರ್ನೇಟರ್ 40 ಆಂಪಿಯರ್ ಕೊಟ್ಟರೆ ಅದೇ ಹೆಚ್ಚು. 12 ವೋಲ್ಟಿನಲ್ಲಿ ಅದು 480 ವ್ಯಾಟ್. ತಮ್ಮ ಆಂಪ್ಲಿಫೈಯರಿನ ಡಬ್ಬಿಯ ಮೇಲೆ 1,000 ವ್ಯಾಟ್ ಎಂದು ಬರೆದಿದೆ. ಅದು ನಿಜವಾದರೆ ಹಾಡಿಗೇ 83 ಆಂಪಿಯರ್ ಬೇಕು. ಅದು ಸುಳ್ಳಾದರೆ ಅಂಗಡಿಯವನು ತಮಗೆ ಮೋಸ ಮಾಡಿದ. ಎರಡರಲ್ಲಿ ಯಾವುದನ್ನು ಒಪ್ಪುವುದು ತಮ್ಮ ಮರ್ಯಾದೆಗೆ ಒಳ್ಳೆಯದು ಎಂದು ತಾವೇ ನಿರ್ಧರಿಸಿ. ಉಳಿದ ಸಾಲವನ್ನು ಬ್ಯಾಟರಿ ತೀರಿಸುತ್ತದೆ, ಮರುದಿನ ಬೆಳಗ್ಗೆ ಗಾಡಿ ತಳ್ಳಲು ನೆರೆಹೊರೆಯವರು ಇದ್ದೇ ಇದ್ದೇವೆ. ಡೀಸೆಲ್ ಪೈಪಿಗೇ ಸುತ್ತಿಕೊಂಡು ಹೋದ, ಫ್ಯೂಜು ಕಾಣದ ಆ ವೈರಿನ ಬಗ್ಗೆ ನಾನು ಮಾತಾಡುವುದಿಲ್ಲ. ಮುಂದೆ ಎಂಟು ದೀಪ ಉರಿಸುವ ದಾನಶೂರರು ಟ್ರೇಲರಿನ ಹಿಂಬದಿಗೆ ಒಂದು ಗೇಣು ಕೆಂಪು ರೇಡಿಯಂ ಪಟ್ಟಿ ಅಂಟಿಸಲು ಯಾಕೆ ಬಡವರಾದಿರಿ ಎಂಬುದಷ್ಟೇ ನನ್ನ ಪ್ರಶ್ನೆ. ಕತ್ತಲಲ್ಲಿ ಹಿಂದಿನಿಂದ ಬರುವ ಬೈಕಿನವನಿಗೆ ಬಾನೆಟ್ಟಿನ ಹುಲಿ ಕಾಣುವುದಿಲ್ಲ.

ಫೋರ್ ವ್ಹೀಲ್ ಡ್ರೈವ್ ಗಾಡಿಗೆ ಹಿಂದೆ ಮಾತ್ರ ದೊಡ್ಡ ಟೈರು ಹಾಕಿಸಿ ‘ಎತ್ತರ ಬಂತು’ ಎಂದು ಹಿಗ್ಗಿದವರಿಗೂ ಅಭಿನಂದನೆ. ಮುಂದಿನ ಮತ್ತು ಹಿಂದಿನ ಗಾಲಿಗಳ ಸುತ್ತುಗಳನ್ನು ಗೇರುಗಳು ಒಂದು ಲೆಕ್ಕದಲ್ಲಿ ಕಟ್ಟಿಹಾಕಿರುತ್ತವೆ. ಮುಂದಿನವು ಕೂದಲೆಳೆಯಷ್ಟು ಮುಂದಿರಬೇಕು. ಒಂದು ಕಡೆಯ ಟೈರು ಬದಲಾದರೆ ಎರಡೂ ಜೊತೆ ಒಂದನ್ನೊಂದು ಎಳೆದಾಡುತ್ತ ಟೈರು ಸವೆಸುತ್ತವೆ, ಮುಂದಿನ ಆಕ್ಸೆಲಿನ ಗೇರು ತಿನ್ನುತ್ತವೆ. ತಮ್ಮ ಮನೆಯ ಭಾಗದ ವ್ಯಾಜ್ಯವೂ ಇಷ್ಟು ಶಿಸ್ತಾಗಿ ನಡೆಯಲಿಕ್ಕಿಲ್ಲ.

ಇನ್ನು ಹುಕ್ಕು. ಹ್ಯಾರಿ ಫರ್ಗ್ಯೂಸನ್ ಎಂಬ ಐರಿಷ್ ಮನುಷ್ಯನೊಬ್ಬ ಕಳೆದ ಶತಮಾನದ ಮೊದಲ ಅರ್ಧದಲ್ಲಿ ವರ್ಷಗಟ್ಟಲೆ ತಲೆಕೆಡಿಸಿಕೊಂಡು ಮೂರು ಕೊಂಡಿಯ ಲಿಂಕೇಜು ರೂಪಿಸಿದ. 1939ರ ಫೋರ್ಡ್ 9ಎನ್ ಜೊತೆ ಅದು ಜಗತ್ತಿಗೆಲ್ಲ ಹಬ್ಬಿತು. ಅಲ್ಲಿಯವರೆಗೆ ಹಿಂದೆ ಒಂದೇ ಕಡೆ ಕಟ್ಟಿದ ನೇಗಿಲು ಕಲ್ಲಿಗೆ ಸಿಕ್ಕಿದರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು, ಗಾಡಿ ಹಿಂದಕ್ಕೆ ಮಗುಚಿ, ಓಡಿಸುವವನು ಅಡಿಯಾಗುತ್ತಿದ್ದ. ಫರ್ಗ್ಯೂಸನ್ನನ ಕೊಂಡಿಗಳಲ್ಲಿ ಅದೇ ಎಳೆತ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ತಾವು ಮೇಸ್ತ್ರಿಯ ಹತ್ತಿರ ಹೋಗಿ ಮೇಲಿನ ಕೊಂಡಿಯಾದ ಟಾಪ್ ಲಿಂಕಿನ ಎತ್ತರಕ್ಕೇ ಒಂದು ಕಬ್ಬಿಣದ ಕೊಕ್ಕೆ ವೆಲ್ಡ್ ಮಾಡಿಸಿ, ಹುಗಿದ ಟ್ರೇಲರ್ ಎಳೆಯಲು, ಜಾತ್ರೆಯಲ್ಲಿ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆಗೆ ನಿಲ್ಲಲು ಅನುಕೂಲ ಮಾಡಿಕೊಂಡಿರಿ. ಆ ಮನುಷ್ಯನ ಅಷ್ಟು ವರ್ಷಗಳ ದುಡಿಮೆಯನ್ನು ಒಂದು ಮಧ್ಯಾಹ್ನದಲ್ಲಿ ಬಿಚ್ಚಿ ಹಾಕುವುದು ಸಣ್ಣ ಪರಾಕ್ರಮವಲ್ಲ. ಆಕ್ಸೆಲಿಗಿಂತ ಮೇಲೆ ಕಟ್ಟಿ ಜಗ್ಗಿದರೆ ಮೂತಿ ಎದ್ದು ಗಾಡಿ ಮಗುಚಲು ಒಂದೂವರೆ ಸೆಕೆಂಡು ಸಾಕು. ಕ್ಲಚ್ ಒತ್ತಬೇಕೆಂದು ಕಾಲಿಗೆ ಹೊಳೆಯುವ ಮೊದಲೇ ಮುಗಿದಿರುತ್ತದೆ. ಎಳೆಯುವುದಿದ್ದರೆ ಕೆಳಗಿನ ಡ್ರಾಬಾರ್ ಇದೆ. ಅದು ತುಕ್ಕು ಹಿಡಿದಿದೆ, ಗೊತ್ತು, ಬಳಸಿಯೇ ಇಲ್ಲವಲ್ಲ.

ಇಲ್ಲಿ ತಾವು-ಗೀವು ಬದಿಗಿಡುತ್ತೇನೆ ತಮ್ಮಾ. ಎಂಜಿನ್ನಿನ ಶಕ್ತಿಯನ್ನು ಬ್ಲೋವರಿಗೆ ಒಯ್ಯುವ ನಿನ್ನ ಪಿಟಿಒ ಶಾಫ್ಟಿನ ಮೇಲಿದ್ದ ಹಳದಿ ಪ್ಲಾಸ್ಟಿಕ್ ಕವಚ ಎಲ್ಲಿ? ಗ್ರೀಸ್ ಹಾಕಲು ಅಡ್ಡ ಬರುತ್ತದೆ ಎಂದು ಮೊದಲ ದಿನವೇ ಬಿಚ್ಚಿದೆ, ಶೆಡ್ಡಿನ ಮೂಲೆಯಲ್ಲಿ ಅದರೊಳಗೆ ಈಗ ಕೋಳಿ ಮೊಟ್ಟೆ ಇಡುತ್ತಿದೆ. ಆ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಸೆಕೆಂಡಿಗೆ ಒಂಬತ್ತು. ಎರಡು ಇಂಚು ದಪ್ಪದ ಶಾಫ್ಟು ಅಂದರೆ ಸೆಕೆಂಡಿಗೆ ಸುಮಾರು ನಾಲ್ಕೂವರೆ ಅಡಿ ಬಟ್ಟೆ ಸುತ್ತಿಕೊಳ್ಳುತ್ತದೆ. ನಿಮ್ಮಪ್ಪನ ನಾಲ್ಕು ಮೀಟರ್ ಧೋತರಕ್ಕೆ ಮೂರು ಸೆಕೆಂಡು. ಕವಾಟ ತಿರುಗಿಸಲು ಬಗ್ಗುವ ಆಳಿನ ಟವೆಲ್ಲಿಗೆ, ನೀರು ತಂದುಕೊಡುವ ಹೆಂಡತಿಯ ಸೆರಗಿಗೆ ಅಷ್ಟೂ ಬೇಡ. ಮೇಲಾಗಿ ಮುರಿಯಲೆಂದೇ ಇಟ್ಟ ಮೆತ್ತನೆಯ ಬೋಲ್ಟು ಪದೇ ಪದೇ ಮುರಿಯುತ್ತದೆ ಎಂದು ನೀನು ಅಲ್ಲಿ ಉದ್ದನೆಯ ಗಟ್ಟಿ ಬೋಲ್ಟು ಹಾಕಿದ್ದೀ. ಹೊರಗೆ ಚಾಚಿರುವ ಅದರ ತುದಿ ಬಟ್ಟೆ ಹಿಡಿಯುವ ಕೊಕ್ಕೆ. ಕವಚಕ್ಕೆ ಒಂದು ತೂತು ಕೊರೆದರೆ ಗ್ರೀಸ್ ಗನ್ನಿನ ಮೂತಿ ಹೋಗುತ್ತದೆ, ಹೊಸ ಕವಚಗಳಲ್ಲಿ ಅದಕ್ಕೆ ಜಾಗವೇ ಇರುತ್ತದೆ. ಈ ಕೆಲಸಕ್ಕೆ ಸೌಂಡ್ ಬಾಕ್ಸಿನ ಒಂದು ತಂತಿಯಷ್ಟೂ ಖರ್ಚಿಲ್ಲ.

ಮತ್ತೆ ಮಾನ್ಯರೇ ಎನ್ನುತ್ತೇನೆ. ತಮ್ಮ ಹುಡ್ಡು ಬಹಳ ಚೆನ್ನಾಗಿದೆ. ಒಂದಿಂಚಿನ ಚೌಕ ಪೈಪು, ಮೇಲೆ ಬಣ್ಣದ ರೆಕ್ಸಿನ್, ಅಂಚಿಗೆ ಝಾಲರು. ಗಾಡಿ ಮಗುಚಿದರೆ ಕಾಪಾಡುವ ಚೌಕಟ್ಟು ಇದೇ ಎಂದು ತಾವು ಮಡದಿಗೆ ಹೇಳಿರುವುದೂ ಕೇಳಿಬಂತು. ಸ್ವೀಡನ್ನಿನವರು 1959ರಿಂದ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಅಂಥ ರಕ್ಷಣಾ ಚೌಕಟ್ಟು ಕಡ್ಡಾಯ ಮಾಡಿದರು, ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು. ಆ ಚೌಕಟ್ಟನ್ನು ಭಾರ ಹೇರಿ ಬಗ್ಗಿಸಿ ಪರೀಕ್ಷಿಸಿ, ಆಕ್ಸೆಲಿಗೆ ಗಟ್ಟಿ ಬೋಲ್ಟಿನಿಂದ ಬಿಗಿದಿರುತ್ತಾರೆ. ಸೀಟ್ ಬೆಲ್ಟ್ ಕಟ್ಟಿಕೊಂಡರೆ ಮಾತ್ರ ಅದರ ಪೂರಾ ಫಲ. ತಮ್ಮ ಒಂದಿಂಚಿನ ಪೈಪು ತಡೆಯುವುದು ಬಿಸಿಲನ್ನು. ಪಡದೊಳಗೆ ಅಂಥ ಚೌಕಟ್ಟು ತಂತಿಗೂ ಬಳ್ಳಿಗೂ ಸಿಕ್ಕುತ್ತದೆ ಎಂಬ ತಮ್ಮ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೇ ಕಿರಿದಾದ ಟ್ರ್ಯಾಕ್ಟರುಗಳಿಗೆ ಮಡಚುವ ಚೌಕಟ್ಟು ಬರುತ್ತದೆ. ಪಡಕ್ಕೆ ಇಳಿಯುವಾಗೆಲ್ಲ ಹುಡ್ಡಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚುವ ಸಹನೆಯಿರುವವರಿಗೆ ಎರಡು ಪಿನ್ನು ಎಳೆದು ಮಡಚಿ, ಹೊರಗೆ ಬಂದು ಎತ್ತಿ ನಿಲ್ಲಿಸುವುದು ಭಾರವಾಗದು. ಆ ಚೌಕಟ್ಟಿಗೆ ದೀಪ ಸಿಕ್ಕಿಸಲೆಂದು ತೂತು ಕೊರೆಯುವುದಾಗಲಿ, ವೆಲ್ಡ್ ಮಾಡುವುದಾಗಲಿ ಬೇಡ; ಅಲ್ಲಿಂದಲೇ ಅದು ಸೀಳುತ್ತದೆ.

ಮಡ್‌ಗಾರ್ಡಿನ ಮೇಲೆ ಮಕ್ಕಳಿಗೆಂದು ಮಾಡಿಸಿದ ಕುಶನ್ನಿನ ಬಗ್ಗೆ ಏನೂ ಬರೆಯಲಾರೆ. ಅದರ ನೇರ ಕೆಳಗಿರುವುದು ಹಿಂದಿನ ಗಾಲಿ.

ಇಷ್ಟು ಓದಿದ ಮೇಲೆ ‘ಈ ಮುದುಕನಿಗೆ ಏನು ಮಾಡಿದರೂ ಆಗದು’ ಅನ್ನುತ್ತೀರಿ. ಹಾಗಲ್ಲ. ಕಂಪನಿ ಕೊಟ್ಟದ್ದನ್ನು ಕೈಮುಗಿದು ಹಾಗೇ ಇಟ್ಟುಕೊಳ್ಳುವ ಮಣ್ಣು ನಮ್ಮದಲ್ಲ. ಎತ್ತಿನ ಕೂರಿಗೆಯನ್ನು ಟ್ರ್ಯಾಕ್ಟರಿನ ಕೊಂಡಿಗೆ ಒಗ್ಗಿಸಿದವರು ನಮ್ಮ ಕಡೆಯ ಕಮ್ಮಾರರು, ಬಡಿಗೇರರು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ತಮ್ಮ ಸ್ವಂತ ಕಾರ್ಖಾನೆಯಲ್ಲಿ ಬೀಜ-ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆ ಮಾಡಿದರು, ಹುಣಸೆಬೀಜ ಬೇರ್ಪಡಿಸುವ ಯಂತ್ರ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ಮೂರು ಕೊಂಡಿಗೆ ತೂಗುವ ಒಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿ ನೋಡಿ: ಗೊಬ್ಬರ, ಕತ್ತರಿಸಿದ ಬಳ್ಳಿ, ದ್ರಾಕ್ಷಿ ಕ್ರೇಟು ಎಲ್ಲ ಟ್ರೇಲರಿಲ್ಲದೆ ಪಡದ ಸಾಲಿನೊಳಗೇ ಸಾಗುತ್ತದೆ. ಪಿವಿಸಿ ಪೈಪಿನ ತುಂಡೊಂದಕ್ಕೆ ಮುಚ್ಚಳ ಹಾಕಿ ಮಡ್‌ಗಾರ್ಡಿಗೆ ಬಿಗಿದರೆ ಲಿಂಚ್ ಪಿನ್ನುಗಳು ಕಳೆಯುವುದಿಲ್ಲ, ಮೊಳೆ ತುರುಕುವ ಪ್ರಸಂಗ ಬರುವುದಿಲ್ಲ. ಹಿಂದಿನ ಟೈರಿಗೆ ಮುಕ್ಕಾಲು ಪಾಲು ನೀರು ತುಂಬಿಸಿದರೆ ಹಿಡಿತ ಬರುತ್ತದೆ, ಅದೂ ಬಾವಿಯ ಪುಕ್ಕಟೆ ನೀರು.

ಮೇಸ್ತ್ರಿಗಳಿಗೂ ಎರಡು ಮಾತು. ಗಾಡಿಗೆ ವೆಲ್ಡಿಂಗ್ ಹಿಡಿಯುವ ಮೊದಲು ಬ್ಯಾಟರಿಯ ತಂತಿ ಬಿಚ್ಚಿ, ಇಲ್ಲವಾದರೆ ಆಲ್ಟರ್ನೇಟರಿನ ಡಯೋಡು ಹೋಗುತ್ತದೆ. ಗೇರ್ ಬಾಕ್ಸಿನ ಮನೆಗೆ ರಾಡು ತಾಗಿಸಬೇಡಿ. ಅದು ಎರಕದ ಕಬ್ಬಿಣ, ಟ್ರ್ಯಾಕ್ಟರಿನ ಬೆನ್ನೆಲುಬೂ ಅದೇ, ತಣಿದ ಮೇಲೆ ಬಿರುಕು ಬಿಡುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ವಾಹನದ ಮೂಲರೂಪ ಬದಲಿಸುವ ಬಗ್ಗೆ ಏನೆನ್ನುತ್ತದೆ ಎಂದು ಬಿಡುವಾದಾಗ ವಕೀಲರನ್ನು ಕೇಳಿ. ವಿಮೆಯವರು ಬಿಡುವಿಲ್ಲದಿದ್ದರೂ ಹೇಳುತ್ತಾರೆ.

ಇಂತಿ ತಮ್ಮ ಅಭಿಮಾನಿ,
ದಾರಿ ಬಿಟ್ಟು ನಿಂತ ಮುದುಕ

ತಾ.ಕ.: ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸುವ ಚಾಟನಿ ಮುಗಿದ ಮೇಲೆ ನನ್ನ ಪಡಕ್ಕೆ ಔಷಧ ಹೊಡೆಯಲು ಬ್ಲೋವರ್ ಬೇಕು. ಬಾಡಿಗೆ ತಾವು ಹೇಳಿದ್ದೇ. ಶಾಫ್ಟಿಗೆ ಕವಚ ಇರುವವರು ಮಾತ್ರ ಬರಬೇಕು. ಹಾಡು ಇಲ್ಲದಿದ್ದರೂ ನಡೆಯುತ್ತದೆ.