ಲೈನ್‌ನ್ಯಾಗ ಇರ್ರಿ

ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತಿದೆ. ಪಕ್ಕದ ಕಾಕಾ ಧೋತರದ ಚುಂಗು ಸರಿಮಾಡಿಕೊಳ್ಳುತ್ತಲೇ ಶುರು ಮಾಡಿದರು. (ಚಿಗರಿಗೆ ರಸ್ತೆ ನಡುವೆ ತನ್ನದೇ ಲೈನ್ ಇದೆ, ಕಾಕಾನ ಮಾತಿಗೆ ಇಲ್ಲ.)

‘ಎಲ್ಲಿಗೆ ಹೊಂಟೀಯೋ ತಮ್ಮಾ?’

‘ಲೈನ್ ಬಜಾರಿಗ್ರೀ, ಫೇಡೆ ತರಾಕ.’

‘ಠಾಕೂರ ಅಂಗಡಿಗೇನು? ಲೈನ್ ಬಜಾರಿನ್ಯಾಗ ಮತ್ತ ಲೈನ್ ಹಚ್ಚಬೇಕು. ಏನ್ ವಿಶೇಷ?’

‘ನಮ್ಮಣ್ಣ ಲೈನ್‌ಮನ್ ಆದಾನ್ರೀ.’

‘ಯಾವ ಲೈನು, ರೈಲ್ವೇದೇನು? ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನ್ಯಾಗ ಎಲ್ಲಾಕಿಂತ ಉದ್ದ. ಅದರ ತುದಿ ಮುಟ್ಟೂದ್ರಾಗ ರಿಟೈರ್ ಆಗ್ತಾನ!’

‘ಕರೆಂಟಿಂದ್ರೀ. ಸರಕಾರ ಪವರ್‌ಮ್ಯಾನ್ ಅಂತೈತಿ. ಪವರ್ ಹೋದಾಗ ಓಣಿ ಮಂದಿ ಲೈನ್‌ಮನ್ ಅಂತಾನ ಕೂಗ್ತಾರ.’

‘ಲಗ್ನ?’

‘ಕಾಲೇಜಿನ್ಯಾಗ ಇದ್ದಾಗ್ಲೇ ಒಬ್ಬಾಕಿಗೆ ಲೈನ್ ಹೊಡದಾನ್ರೀ.’

‘ಹಂಗಾದ್ರ ಲೈನ್ ಕ್ಲಿಯರ್!’

‘ಎಲ್ಲೀದ್ರೀ ಕಾಕಾ, ಹುಡುಗಿ ಅಪ್ಪ ಲೈನಿಗೇ ಬರವಲ್ರು. ಭಾಳ ಹಟಮಾರಿ ಅಂತ.’

‘ಅಂಥಾ ಮಂದೀನ ಲೈನಿಗೆ ತರಬೇಕಪಾ, ಬಿಡಬಾರದು.’

ಅಷ್ಟರಲ್ಲಿ ಕಾಕಾನ ಫೋನ್ ರಿಂಗಾಯಿತು.

‘ಹಲೋ, ಲೈನ್‌ನ್ಯಾಗ ಇರು, ಇಲ್ಲೊಬ್ಬ ಶಾಣ್ಯಾ ಹುಡುಗನ ಕೂಡ ಮಾತಾಡಾಕತ್ತೀನಿ... ಏನಂದಿ? ನಮ್ಮ ಹುಡುಗಿ? ಕಾಲೇಜಿನ್ಯಾಗಿಂದ? ಏನ್ ಮಾಡ್ತಾನಂತ ಅಂವ... ಲೈನ್‌ಮನ್?’

ಕಾಕಾ ನನ್ನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು.

‘ತಮ್ಮಾ, ನಿಮ್ಮಣ್ಣನ ಹೆಸರೇನಂದಿ?’

ಬಸ್ಸು ಜ್ಯುಬಿಲಿ ಸರ್ಕಲ್‌ನಲ್ಲಿ ನಿಂತಿತು. ಇಳಿಯುವವರ ಲೈನಿನಲ್ಲಿ ನಾನೇ ಮೊದಲಿಗ.